ಮಿಸ್ಟರ್ ಮಗೂಸ್ ಕ್ರಿಸ್ಮಸ್ ಕ್ಯಾರಲ್

ಚಾರ್ಲ್ಸ್ ಡಿಕನ್ಸನು 1843ರಲ್ಲಿ ಪ್ರಕಟಿಸಿದ ‘ಎ ಕ್ರಿಸ್ಮಸ್ ಕ್ಯಾರಲ್’ ಎಂಬ ಪ್ರೇತಕಥೆಯನ್ನು ಆಧರಿಸಿ, ಅಮೆರಿಕದ ಯುಪಿಎ ಚಿತ್ರಸಂಸ್ಥೆಯು ಟೆಲಿವಿಷನ್ನಿಗಾಗಿಯೇ ನಿರ್ಮಿಸಿದ ಸಂಗೀತಪ್ರಧಾನವಾದ ಆನಿಮೇಷನ್ ಚಿತ್ರ. ಏಬ್ ಲೆವಿಟೋನ ನಿರ್ದೇಶನದ ಈ ಕೃತಿ 1962ರ ಡಿಸೆಂಬರ್ 18ರಂದು ಎನ್‌ಬಿಸಿ ಜಾಲದಲ್ಲಿ ಪ್ರಥಮವಾಗಿ ಪ್ರಸಾರವಾಯಿತು.

ದೃಷ್ಟಿಮಾಂದ್ಯದಿಂದ ಪದೇಪದೇ ಪ್ರಮಾದಕ್ಕೀಡಾಗುವ ಮಗೂ ಎಂಬ ವೃದ್ಧನು ಬ್ರಾಡ್‌ವೇ ರಂಗಮಂದಿರವೊಂದರಲ್ಲಿ ಕೃಪಣ ಸ್ಕ್ರೂಜನ ಪಾತ್ರವನ್ನು ಅಭಿನಯಿಸುತ್ತಾನೆಂಬುದು ಇಲ್ಲಿಯ ಕಲ್ಪನೆ. ಅವನ ಹಾಸ್ಯವು ಬಹುಮಟ್ಟಿಗೆ ಈ ಹೊರಚೌಕಟ್ಟಿನಲ್ಲಿಯೇ ಉಳಿಯುವುದರಿಂದ ಮೂಲಕಥೆಯ ಗಾಂಭೀರ್ಯಕ್ಕೆ ಕುಂದುಂಟಾಗಿಲ್ಲ. ಮಗೂವಿಗೆ ಜಿಮ್ ಬ್ಯಾಕಸ್, ಸ್ಕ್ರೂಜನ ಗುಮಾಸ್ತ ಬಾಬ್ ಕ್ರಾಚಿಟ್ಟನಿಗೆ ಜ್ಯಾಕ್ ಕ್ಯಾಸಿಡಿ ಕಂಠದಾನ ಮಾಡಿದ್ದಾರೆ. ಮೂಲಕಥೆಯಲ್ಲಿರುವ ಸ್ಕ್ರೂಜನ ಸೋದರಳಿಯ ಫ್ರೆಡ್ಡನ ಪಾತ್ರವನ್ನು ಕೈಬಿಡಲಾಗಿದೆ. ಸ್ಕ್ರೂಜನನ್ನು ಕಾಣಬರುವ ಪ್ರೇತಗಳ ಕ್ರಮವೂ ಬದಲಾಗಿದ್ದು, ವರ್ತಮಾನದ ಪ್ರೇತವು ಭೂತಕಾಲದ ಪ್ರೇತಕ್ಕಿಂತ ಮೊದಲೇ ಬರುತ್ತದೆ.

ಕೃತಿಯ ನಿಜವಾದ ಸತ್ತ್ವವಿರುವುದು ಜೂಲ್ ಸ್ಟೈನನ ಸಂಗೀತದಲ್ಲಿ ಮತ್ತು ಬಾಬ್ ಮೆರಿಲ್ಲನ ಗೀತರಚನೆಯಲ್ಲಿ. ಭೂತಕಾಲದ ಪ್ರೇತವು ತೋರಿಸುವ ದೃಶ್ಯದಲ್ಲಿ, ರಜೆಯಲ್ಲಿ ಎಲ್ಲರೂ ಮನೆಗೆ ತೆರಳಿದ ಮೇಲೆ ಶಾಲೆಯಲ್ಲಿ ಒಂಟಿಯಾಗುಳಿದ ಬಾಲಕ ಸ್ಕ್ರೂಜನು ತನ್ನ ಏಕಾಕಿತನವನ್ನು ಹಾಡತೊಡಗಲು, ಅವನಿಗೆ ಅಗೋಚರನಾಗಿ ಪಕ್ಕದಲ್ಲಿ ನಿಂತ ವೃದ್ಧ ಸ್ಕ್ರೂಜನು ಅದೇ ಗೀತೆಗೆ ದನಿಗೂಡಿಸುವ ಸನ್ನಿವೇಶವು, ಡಿಕನ್ಸನು ಗದ್ಯದಲ್ಲಿ ಸಾಧಿಸಿದ ಕರುಣರಸಕ್ಕೆ ಸಂಗೀತವೊಂದೇ ಕೊಡಬಲ್ಲ ಪರಿಪೂರ್ಣತೆಯನ್ನು ತಂದಿತ್ತಿದೆ. ಸತ್ತವನ ವಸ್ತುಗಳನ್ನು ಕದ್ದು ಹಂಚಿಕೊಳ್ಳುವವರ ಉಲ್ಲಾಸಗೀತವಾದರೋ ಭಯಾನಕವನ್ನೂ ಹಾಸ್ಯವನ್ನೂ ಏಕತ್ರ ಬೆಸೆಯುತ್ತದೆ. ಮಕ್ಕಳ ಮನರಂಜನೆಯೆಂದು ಇಂಥ ರಚನೆಯನ್ನು ಲಘುವಾಗಿ ಎಣಿಸುವುದು ಯುಕ್ತವಲ್ಲ.

ಟೆಲಿವಿಷನ್ನಿಗೆಂದೇ ರಚಿತವಾದ ಪ್ರಥಮ ಕ್ರಿಸ್ಮಸ್ ಆನಿಮೇಷನ್ ವಿಶೇಷಚಿತ್ರವೆಂದು ಇದನ್ನು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಇದೇ ಸ್ಟೈನ್ ಮತ್ತು ಮೆರಿಲ್ ಜೊತೆಗೂಡಿ ಹಾಡುಗಳನ್ನು ರಚಿಸಿದ ‘ಫನಿ ಗರ್ಲ್’ ಎಂಬ ಸಂಗೀತನಾಟಕವು 1964ರಲ್ಲಿ ಬ್ರಾಡ್‌ವೇ ರಂಗವನ್ನೇರಿತು.