ವಿಳಾಸದ ಚೀಟಿ: ಪರದೇಶದಲ್ಲಿ ನಮ್ಮವರ ಹಾಜರಿಯ ಇತಿಹಾಸ



ಬೋರಗಾಂವದಂತಹ ಗಡಿ ಊರಿನಲ್ಲಿ ವಾಸಿಸುವ ನಮಗೆ ಗಡಿ ದಾಟುವುದು ದೊಡ್ಡ ಸಂಗತಿಯಲ್ಲ. ಬೆಳಿಗ್ಗೆ ಇಚಲಕರಂಜಿಗೆ ಹೋಗಿ ಸಂಜೆ ಮರಳಿದರೆ ನಿಮ್ಮನ್ನು ಯಾರೂ ತಡೆದು ಕೇಳುವುದಿಲ್ಲ. ಅಲ್ಲೇ ಮನೆ ಮಾಡಿ ನಾಲ್ಕು ವರ್ಷ ಇದ್ದರೂ ಯಾವ ಕಚೇರಿಗೂ ಹಾಜರಿ ಹಾಕಬೇಕಾಗಿಲ್ಲ. ಆದರೆ ನಿಮ್ಮ ಮನೆಯ ಮಗ ಅಥವಾ ಮಗಳು ಉದ್ಯೋಗಕ್ಕೋ ಉನ್ನತ ಶಿಕ್ಷಣಕ್ಕೋ ಪರದೇಶಕ್ಕೆ ಹೋದ ದಿನದಿಂದ ಸ್ಥಿತಿ ಬದಲಾಗುತ್ತದೆ. "ನೀನು ಎಲ್ಲಿದ್ದೀಯಾ?" ಎಂಬ ಪ್ರಶ್ನೆಯನ್ನು ತಾಯಿ ಮಾತ್ರವಲ್ಲ, ಅಲ್ಲಿಯ ಸರಕಾರವೂ ಕೇಳುತ್ತದೆ. ಈ ಪ್ರಶ್ನೆಗೆ ಒಂದು ದೀರ್ಘ ಇತಿಹಾಸವಿದೆ. ಅದರಲ್ಲಿ ಮುಸ್ಲಿಂ ವ್ಯಾಪಾರಿಗಳ, ಇಮಾಮರ ಮತ್ತು ಬೀದಿ ಮಾರಾಟಗಾರರ ತ್ಯಾಗವೂ ಅಡಗಿದೆ.

ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ನಲ್ಲಿ 1885ರಲ್ಲಿ ಒಂದು ಕಾನೂನು ಬಂತು. ಏಷ್ಯಾದಿಂದ ಬಂದು ನೆಲೆಸುವ ವ್ಯಾಪಾರಿಗಳು 8 ದಿನಗಳೊಳಗೆ ಹೆಸರು ನೋಂದಾಯಿಸಿ 25 ಪೌಂಡ್ ಕೊಡಬೇಕೆಂದು ಅದು ವಿಧಿಸಿತು. ಮರುವರ್ಷ ಅದನ್ನು 3 ಪೌಂಡ್‌ಗೆ ಇಳಿಸಲಾಯಿತು. ಭಾರತದ ಮುಸ್ಲಿಂ ವ್ಯಾಪಾರಿಗಳನ್ನು ಅಲ್ಲಿ 'ಅರಬರು' ಎಂದು ಕರೆಯುತ್ತಿದ್ದರು. ಹೆಸರು ಏನೇ ಇರಲಿ, ಅವಮಾನ ಒಂದೇ ಆಗಿತ್ತು.

1906ರ ಆಗಸ್ಟ್ 22ರಂದು ಇನ್ನೊಂದು ಮಸೂದೆ ಪ್ರಕಟವಾಯಿತು. 8 ವರ್ಷ ಮೇಲ್ಪಟ್ಟ ಪ್ರತಿಯೊಬ್ಬ ಭಾರತೀಯನೂ ಹೊಸದಾಗಿ ನೋಂದಾಯಿಸಿಕೊಳ್ಳಬೇಕು, ಬೆರಳಚ್ಚು ಕೊಡಬೇಕು, ಪೊಲೀಸರು ಕೇಳಿದಲ್ಲಿ ಕೇಳಿದಾಗ ಪತ್ರ ತೋರಿಸಬೇಕು ಎಂಬುದು ಅದರ ಸಾರ. ಬೆರಳಚ್ಚು ಆ ದಿನಗಳಲ್ಲಿ ಅಪರಾಧಿಗಳಿಂದ ಪಡೆಯುವ ಗುರುತು. ಒಬ್ಬ ಗೌರವಸ್ಥ ವ್ಯಾಪಾರಿಗೆ ಇದು ಹೇಗೆ ತಟ್ಟಿರಬೇಕೆಂದು ನೀವೇ ಯೋಚಿಸಿ.

ಅದೇ ವರ್ಷ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗ್‌ನ ಎಂಪೈರ್ ಥಿಯೇಟರ್‌ನಲ್ಲಿ ಸುಮಾರು 3,000 ಭಾರತೀಯರು ಸೇರಿದರು. ಅಬ್ದುಲ್ ಗನಿ ಅಧ್ಯಕ್ಷತೆ ವಹಿಸಿದ್ದರು. ಈ ಕಾನೂನಿಗೆ ತಲೆಬಾಗುವುದಿಲ್ಲವೆಂದು ದೇವರನ್ನು ಸಾಕ್ಷಿಯಾಗಿಟ್ಟು ಪ್ರಮಾಣ ಮಾಡೋಣವೆಂದು ಸೂಚಿಸಿದವರು ಸೇಠ್ ಹಾಜಿ ಹಬೀಬ್. ಜಗತ್ತು ಇಂದು ಸತ್ಯಾಗ್ರಹ ಎಂದು ಕರೆಯುವ ಚಳವಳಿ ಹುಟ್ಟಿದ್ದು ಆ ಪ್ರಮಾಣದಿಂದ. ಗಾಂಧೀಜಿಯ ಹೆಸರು ನಮಗೆಲ್ಲ ಗೊತ್ತು. ಹಾಜಿ ಹಬೀಬರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿದೆ?

ಕಾನೂನು 1907ರಲ್ಲಿ ಜಾರಿಗೆ ಬಂತು. ಜನ ಅದನ್ನು 'ಕರಾಳ ಕಾನೂನು' ಎಂದರು. ಗಡುವು ಮುಗಿದಾಗ ಅಲ್ಲಿದ್ದ ಸುಮಾರು 13,000 ಭಾರತೀಯರಲ್ಲಿ ನೋಂದಾಯಿಸಿಕೊಂಡವರು ಸುಮಾರು 500 ಮಂದಿ ಮಾತ್ರ.

ಇಲ್ಲಿ ಒಂದು ಮಾತನ್ನು ವಿದ್ಯಾರ್ಥಿ ಮಿತ್ರರು ಗಮನಿಸಬೇಕು. ಅವರು ಹೆಸರು ವಿಳಾಸ ಕೊಡುವುದನ್ನೇ ವಿರೋಧಿಸಲಿಲ್ಲ. 1908ರ ಜನವರಿಯಲ್ಲಿ ಜನರಲ್ ಸ್ಮಟ್ಸ್ ಜೊತೆ ಒಪ್ಪಂದವಾದಾಗ ಬಹುಪಾಲು ಭಾರತೀಯರು ಸ್ವಇಚ್ಛೆಯಿಂದ ನೋಂದಾಯಿಸಿಕೊಂಡರು. ಕಾನೂನು ರದ್ದಾಗುತ್ತದೆ ಎಂಬ ನಂಬಿಕೆ ಅವರಿಗಿತ್ತು. ಈ ಒಪ್ಪಂದವೇ ದ್ರೋಹವೆಂದು ಭಾವಿಸಿದ ಮೀರ್ ಆಲಂ ಎಂಬ ಪಠಾಣ, ನೋಂದಣಿಗೆ ಹೊರಟಿದ್ದ ಗಾಂಧೀಜಿಯ ಮೇಲೆ ಫೆಬ್ರವರಿ 10ರಂದು ಹಲ್ಲೆ ಮಾಡಿದ. ಒಂದು ಚೀಟಿಯ ವಿಷಯದಲ್ಲಿ ಜನರ ಮನಸ್ಸು ಎಷ್ಟು ನೊಂದಿತ್ತು ಎಂಬುದಕ್ಕೆ ಇದು ಸಾಕ್ಷಿ.

ಕಾನೂನು ರದ್ದಾಗಲಿಲ್ಲ. ಆಗಸ್ಟ್ 16ರಂದು ಜನ ಜೋಹಾನ್ಸ್‌ಬರ್ಗ್‌ನ ಹಮೀದಿಯಾ ಮಸೀದಿಯ ಮುಂದೆ ಸೇರಿದರು. ಒಂದು ದೊಡ್ಡ ಕಡಾಯಿಯಲ್ಲಿ 2,000ಕ್ಕೂ ಹೆಚ್ಚು ನೋಂದಣಿ ಪತ್ರಗಳನ್ನು ಹಾಕಿ ಬೆಂಕಿ ಹಚ್ಚಲಾಯಿತು. ಹಮೀದಿಯಾ ಇಸ್ಲಾಮಿಕ್ ಸೊಸೈಟಿಯ ಮುಖಂಡ ಇಮಾಮ್ ಅಬ್ದುಲ್ ಕಾದಿರ್ ಬಾವಜೀರ್ ಈ ಹೋರಾಟದಲ್ಲಿ ಜೈಲು ಸೇರಿದರು. ವ್ಯಾಪಾರಿ ಅಹ್ಮದ್ ಮುಹಮ್ಮದ್ ಕಾಛಲಿಯಾ ದಿವಾಳಿಯಾದರೂ ಮಾತು ತಪ್ಪಲಿಲ್ಲ. ಸ್ವಇಚ್ಛೆಯಿಂದ ಪಡೆದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡವರೇ ಅದು ಬೇಡಿಯಾದಾಗ ಸುಟ್ಟರು. ಕರ್ತವ್ಯಕ್ಕೂ ಅವಮಾನಕ್ಕೂ ಇರುವ ಅಂತರ ಅವರಿಗೆ ಚೆನ್ನಾಗಿ ತಿಳಿದಿತ್ತು.

ಈ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅಮೇರಿಕಾ 1940ರಲ್ಲಿ 14 ವರ್ಷ ಮೇಲ್ಪಟ್ಟ ಎಲ್ಲ ವಿದೇಶೀಯರ ನೋಂದಣಿ ಮತ್ತು ಬೆರಳಚ್ಚನ್ನು ಕಡ್ಡಾಯ ಮಾಡಿತು. 1952ರ ಕಾನೂನಿನಂತೆ ಮನೆ ಬದಲಿಸಿದವರು 10 ದಿನಗಳೊಳಗೆ ತಿಳಿಸಬೇಕು. ಬಹಳ ವರ್ಷ ಈ ನಿಯಮ ಪುಸ್ತಕದಲ್ಲೇ ಮಲಗಿತ್ತು. 2001ರ ಸೆಪ್ಟೆಂಬರ್ ದಾಳಿಯ ನಂತರ, 2002ರ ಜುಲೈಯಲ್ಲಿ, ಅದನ್ನು ಬಿಗಿಯಾಗಿ ಜಾರಿಗೊಳಿಸುವುದಾಗಿ ಅಲ್ಲಿಯ ಸರಕಾರ ಪ್ರಕಟಿಸಿತು. ಅದೇ ವರ್ಷದಿಂದ ಆರಂಭಿಸಿ 25 ದೇಶಗಳ ಪುರುಷರಿಗೆ ವಿಶೇಷ ನೋಂದಣಿ ಹೇರಲಾಯಿತು. ಉತ್ತರ ಕೊರಿಯಾ ಒಂದನ್ನು ಬಿಟ್ಟರೆ ಉಳಿದ 24 ಮುಸ್ಲಿಂ ಬಹುಸಂಖ್ಯಾತ ದೇಶಗಳು. ಭಾರತ ಆ ಪಟ್ಟಿಯಲ್ಲಿ ಇರಲಿಲ್ಲ. 83,000ಕ್ಕೂ ಹೆಚ್ಚು ಮಂದಿ ತಾವಾಗಿಯೇ ಕಚೇರಿಗೆ ಹೋಗಿ ಹೆಸರು ಬರೆಸಿದರು. ಅವರಲ್ಲಿ 13,000ಕ್ಕೂ ಹೆಚ್ಚು ಮಂದಿಯನ್ನು ದೇಶದಿಂದ ಹೊರಹಾಕುವ ಪ್ರಕ್ರಿಯೆಗೆ ಒಳಪಡಿಸಲಾಯಿತು. ಭಯೋತ್ಪಾದನೆಯ ಆರೋಪ ಮಾತ್ರ ಒಬ್ಬರ ಮೇಲೂ ಸಾಬೀತಾಗಲಿಲ್ಲ. 2011ರಲ್ಲಿ ಆ ವ್ಯವಸ್ಥೆ ನಿಂತಿತು, 2016ರಲ್ಲಿ ನಿಯಮವೇ ರದ್ದಾಯಿತು. ಆದರೆ 10 ದಿನಗಳ ವಿಳಾಸದ ನಿಯಮ ಇಂದಿಗೂ ಇದೆ. 2025ರ ಏಪ್ರಿಲ್ 11ರಿಂದ 18 ವರ್ಷ ಮೇಲ್ಪಟ್ಟ ವಿದೇಶೀಯರು ನೋಂದಣಿಯ ದಾಖಲೆಯನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕೆಂಬ ನಿಯಮವೂ ಮತ್ತೆ ಬಿಗಿಯಾಗಿದೆ.

ಇತರ ದೇಶಗಳಲ್ಲೂ ಹೀಗೆಯೇ. ಥಾಯ್ಲೆಂಡ್‌ನ 1979ರ ಕಾನೂನಿನಂತೆ ಅಲ್ಲಿ ತಾತ್ಕಾಲಿಕವಾಗಿ ನೆಲೆಸಿದ ವಿದೇಶೀಯರು ಪ್ರತಿ 90 ದಿನಗಳಿಗೊಮ್ಮೆ ವಿಳಾಸ ತಿಳಿಸಬೇಕು. ಕುವೈತ್‌ನಲ್ಲಿ 2024ರಲ್ಲಿ, ಕಟ್ಟಡ ಕೆಡವಲಾಗಿದೆ ಅಥವಾ ಬಾಡಿಗೆದಾರ ಈಗ ಇಲ್ಲಿಲ್ಲವೆಂದು ಮಾಲೀಕ ಹೇಳಿದ್ದಾನೆ ಎಂಬ ಕಾರಣಕ್ಕೆ ನೂರಾರು ಜನರ ವಿಳಾಸಗಳನ್ನು ದಾಖಲೆಯಿಂದ ತೆಗೆದುಹಾಕಲಾಯಿತು. 30 ದಿನಗಳಲ್ಲಿ ಹೊಸ ವಿಳಾಸ ಕೊಡದಿದ್ದರೆ 100 ದಿನಾರ್‌ವರೆಗೆ ದಂಡವೆಂದು ತಿಳಿಸಲಾಯಿತು. ಒಂದೇ ಕೋಣೆಯಲ್ಲಿ ಆರೆಂಟು ಮಂದಿ ಮಲಗುವ ಕಾರ್ಮಿಕನಿಗೆ, ಬಾಡಿಗೆ ಪತ್ರವೇ ತನ್ನ ಹೆಸರಿನಲ್ಲಿ ಇಲ್ಲದಿರುವಾಗ, ಇದು ಎಂತಹ ಸಂಕಟ!

ನಾವು ಮಾತ್ರ ಕೇಳಿಸಿಕೊಳ್ಳುವವರಲ್ಲ, ಕೇಳುವವರೂ ಹೌದು. ಬ್ರಿಟಿಷರ 1939ರ ವಿದೇಶೀಯರ ನೋಂದಣಿ ಕಾನೂನು 2025ರವರೆಗೆ ನಮ್ಮಲ್ಲಿ ನಡೆಯಿತು. 2025ರ ಸೆಪ್ಟೆಂಬರ್ 1ರಿಂದ ಹೊಸ ಕಾನೂನು ಬಂದಿದೆ. ನಮ್ಮದೇ ರಾಜ್ಯದ ಬೈಲಕುಪ್ಪೆ, ಮುಂಡಗೋಡಗಳ ಟಿಬೆಟಿಯನ್ನರು ದಶಕಗಳಿಂದ ನೋಂದಣಿ ಪತ್ರ ಹಿಡಿದು ಬದುಕುತ್ತಿದ್ದಾರೆ. ಇಲ್ಲೇ ಹುಟ್ಟಿ ಕನ್ನಡ ಮಾತಾಡುವವರೂ ಅವರಲ್ಲಿದ್ದಾರೆ. ಪರದೇಶದಲ್ಲಿ ನಮ್ಮ ಮಕ್ಕಳಿಗೆ ನಾವು ಬಯಸುವ ಸೌಜನ್ಯವನ್ನು ಇಲ್ಲಿರುವ ಅನ್ಯರಿಗೂ ತೋರಿಸಬೇಕಲ್ಲವೇ?

ಹಾಗಾದರೆ ನಾವು ಕಲಿಯಬೇಕಾದ ಪಾಠವೇನು? ವೀಸಾ ಎಂದರೆ ಒಂದು ಕರಾರು. ಕೊಟ್ಟ ಮಾತನ್ನು ಪಾಲಿಸುವುದು ನಮ್ಮ ದೀನ್ ಕಲಿಸಿದ ಗುಣ. ಆದ್ದರಿಂದ ಪರದೇಶಕ್ಕೆ ಹೋಗುವ ಪ್ರತಿಯೊಬ್ಬರೂ ಅಲ್ಲಿಯ ವಿಳಾಸದ ನಿಯಮವನ್ನು ಮೊದಲ ವಾರದಲ್ಲೇ ತಿಳಿದುಕೊಳ್ಳಲಿ. ಮನೆ ಬದಲಿಸಿದ ದಿನವೇ ದಿನಾಂಕ ಬರೆದಿಡಲಿ. ಅರ್ಜಿ ಕೊಟ್ಟ ರಸೀದಿಯ ಒಂದು ಪ್ರತಿಯನ್ನು ಊರಿನ ಮನೆಗೂ ಕಳಿಸಲಿ. ಗೆಳೆಯರ ಬಾಯಿಮಾತನ್ನು ನಂಬಿ ಕೂರದಿರಲಿ. ಓದು ಬಾರದ ಸಹೋದರನಿದ್ದರೆ ಅವನ ಫಾರಂ ತುಂಬಿಕೊಡುವುದೂ ಒಂದು ಸೇವೆಯೇ. ನಮ್ಮ ಸಂಸ್ಥೆಗಳು ವಿದ್ಯೆ ಕೊಡುವುದು ಇಂತಹ ಹೊತ್ತಿಗಾಗಿಯೂ ಹೌದು.

ನಿಯಮ ಪಾಲಿಸುವವನಿಗೆ ಮಾತ್ರ ಅನ್ಯಾಯದ ನಿಯಮವನ್ನು ಪ್ರಶ್ನಿಸುವ ನೈತಿಕ ಬಲ ಬರುತ್ತದೆ. ಹಮೀದಿಯಾ ಮಸೀದಿಯ ಮುಂದೆ ಉರಿದ ಆ ಕಡಾಯಿ ನಮಗೆ ಹೇಳುವುದು ಇದನ್ನೇ.