ತೊಗರಿ ಕಾಯಿಕೊರಕ ಮತ್ತು ಲಿಂಗಾಕರ್ಷಕ ಬಲೆ: ಪತಂಗದ ಸಂದೇಶವನ್ನು ಓದುವ ಬಗೆ

ಒಂದೇ ಜಾತಿಯ ಜೀವಿಗಳು ಪರಸ್ಪರ ಸಂದೇಶ ಸಾಗಿಸಲು ದೇಹದಿಂದ ಹೊರಸೂಸುವ ರಾಸಾಯನಿಕಗಳಿಗೆ ಫೆರೊಮೋನ್ ಎನ್ನುತ್ತಾರೆ. ಇರುವೆಗಳು ಸಾಲು ಹಿಡಿದು ಸಾಗುವುದು, ಒಂದು ಜೇನ್ನೊಣ ಕುಟುಕಿದೊಡನೆ ಉಳಿದವು ಮುತ್ತಿಕೊಳ್ಳುವುದು ಇವುಗಳ ಪ್ರಭಾವದಿಂದಲೇ. 1959ರಲ್ಲಿ ಜರ್ಮನಿಯ ವಿಜ್ಞಾನಿ ಅಡಾಲ್ಫ್ ಬ್ಯುಟೆನಾಂಟ್ ಅವರು ಸುಮಾರು 5 ಲಕ್ಷ ರೇಷ್ಮೆ ಪತಂಗಗಳನ್ನು ಬಳಸಿ ಮೊದಲ ಲಿಂಗಾಕರ್ಷಕವನ್ನು ಗುರುತಿಸಿದರು. ಫೆರೊಮೋನ್ ಎಂಬ ಪದವೂ ಅದೇ ವರ್ಷ ಬಳಕೆಗೆ ಬಂದಿತು.

ತೊಗರಿಗೆ ಇದರ ಸಂಬಂಧ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದ ರೈತರ ವರ್ಷದ ಆದಾಯ ಬಹುಮಟ್ಟಿಗೆ ತೊಗರಿಯ ಹೂವು ಮತ್ತು ಎಳೆಗಾಯಿಯ ಮೇಲೆ ನಿಂತಿದೆ. ಕಾಯಿಕೊರಕ (ಹೆಲಿಕೋವರ್ಪಾ ಆರ್ಮಿಜೆರಾ) ದಾಳಿಯಿಡುವುದೂ ಅದೇ ಹಂತದಲ್ಲಿ. ಇದರ ಹೆಣ್ಣು ಪತಂಗವು ರಾತ್ರಿ ವೇಳೆ ಹೊರಸೂಸುವ ವಾಸನೆಯನ್ನು ಗಂಡು ತನ್ನ ಮೀಸೆಗಳಿಂದ ಗ್ರಹಿಸಿ ಹುಡುಕಿಕೊಂಡು ಬರುತ್ತದೆ. ಆ ವಾಸನೆಯ ಎರಡು ಮುಖ್ಯ ಘಟಕಗಳನ್ನು ಸುಮಾರು 97:3 ಪ್ರಮಾಣದಲ್ಲಿ ಬೆರೆಸಿ ಲ್ಯೂರ್ ತಯಾರಿಸಲಾಗುತ್ತದೆ. ಆದ್ದರಿಂದ ಹತ್ತಿಯ ಗುಲಾಬಿ ಕಾಯಿಕೊರಕದ ಲ್ಯೂರ್ ತೊಗರಿಯ ಹೊಲದಲ್ಲಿ ಈ ಕೆಲಸಕ್ಕೆ ಬಾರದು.

ಬಲೆ ಅಳವಡಿಸುವ ಕ್ರಮ

• ಮೊಗ್ಗು ಕಾಣಿಸಿಕೊಳ್ಳುವ ಮೊದಲೇ ಎಕರೆಗೆ 2 ಬಲೆಗಳನ್ನು ನಿಲ್ಲಿಸಿರಿ.
• ಬಲೆಯು ಬೆಳೆಯ ತುದಿಗಿಂತ ಒಂದು ಅಡಿ ಮೇಲಿರಲಿ. ಗಿಡ ಬೆಳೆದಂತೆ ಬಲೆಯನ್ನೂ ಏರಿಸಿರಿ.
• ಲ್ಯೂರನ್ನು 15–20 ದಿನಗಳಿಗೊಮ್ಮೆ ಬದಲಾಯಿಸಿರಿ. ಹಳೆಯದನ್ನು ಹೊಲದಲ್ಲಿ ಎಸೆಯಬೇಡಿರಿ.
• ಪ್ರತಿದಿನ ಬೆಳಿಗ್ಗೆ ಸಿಕ್ಕಿಬಿದ್ದ ಪತಂಗಗಳನ್ನು ಎಣಿಸಿ ಬರೆದಿಡಿರಿ.

ಬಲೆಯು ಔಷಧಿಯಲ್ಲ

ಬಲೆ ಹಾಕಿದ ಮೇಲೆ ಕೀಡೆ ಬಾರದು ಎಂದು ನಂಬಿ ನಷ್ಟ ಅನುಭವಿಸಿದವರಿದ್ದಾರೆ. ಬಲೆಗೆ ಬೀಳುವುದು ಗಂಡು ಪತಂಗ ಮಾತ್ರ, ಮೊಟ್ಟೆಯಿಡುವುದು ಹೆಣ್ಣು. ಬೇರೆಡೆ ಕೂಡಿ ಬಂದ ಹೆಣ್ಣು ನಿಮ್ಮ ಹೊಲದಲ್ಲಿ ನೂರಾರು ಮೊಟ್ಟೆಗಳನ್ನಿಡಬಲ್ಲದು. ಬಲೆಯು ಕೊಡುವುದು ಮುನ್ಸೂಚನೆಯನ್ನಷ್ಟೇ. ಮೊಟ್ಟೆ ಒಡೆಯಲು ಸಾಮಾನ್ಯವಾಗಿ 3–4 ದಿನಗಳು ಸಾಕು. ಕೀಡೆ ಬಲಿತು ಕಾಯಿಯೊಳಗೆ ತಲೆ ತೂರಿಸಿದ ಬಳಿಕ ಹತೋಟಿ ಕಷ್ಟ. ನಮಗೆ ದೊರೆಯುವ ಕಾಲಾವಕಾಶ ಇಷ್ಟೇ.

ಪತಂಗಗಳ ಸಂಖ್ಯೆ ದಿನೇದಿನೇ ಏರತೊಡಗಿದರೆ ಹೊಲದ ಬೇರೆ ಬೇರೆ ಕಡೆ 20–25 ಗಿಡಗಳನ್ನು ಪರೀಕ್ಷಿಸಿರಿ. ಗಿಡಕ್ಕೆ ಸರಾಸರಿ 2 ಮೊಟ್ಟೆ ಅಥವಾ 1 ಕೀಡೆ ಕಂಡುಬಂದರೆ ಕ್ರಮ ಅಗತ್ಯ. ಆರಂಭದಲ್ಲಿ ಶೇ. 5ರ ಬೇವಿನ ಬೀಜದ ಕಷಾಯ ಅಥವಾ ಎಕರೆಗೆ 100 ಎಲ್.ಇ. ಎನ್.ಪಿ.ವಿ. ನಂಜಾಣುವನ್ನು ಸಂಜೆ ಸಿಂಪಡಿಸಬಹುದು. ಕೀಡೆಗಳು ದೊಡ್ಡದಾಗಿದ್ದರೆ ಗಿಡಗಳನ್ನು ಬಾಗಿಸಿ, ಅಲುಗಾಡಿಸಿ, ಬಟ್ಟೆಯ ಮೇಲೆ ಉದುರಿಸಿ ನಾಶಪಡಿಸುವ ನಮ್ಮ ಭಾಗದ ಪದ್ಧತಿ ಇಂದಿಗೂ ಉಪಯುಕ್ತ.

ಮಣ್ಣಿನ ಆಳ, ತಳಿ ಮತ್ತು ಬಿತ್ತನೆಯ ದಿನಕ್ಕೆ ಅನುಸಾರವಾಗಿ ಹೂವಾಡುವ ಕಾಲ ಹೊಲದಿಂದ ಹೊಲಕ್ಕೆ ಬದಲಾಗುತ್ತದೆ. ಆದುದರಿಂದ ನೆರೆಯವರು ಸಿಂಪಡಿಸಿದರೆಂದು ನೀವೂ ಸಿಂಪಡಿಸಬೇಡಿರಿ. ಅನಗತ್ಯ ಸಿಂಪರಣೆಯಿಂದ ಖರ್ಚು ಹೆಚ್ಚುವುದಲ್ಲದೆ, ಕೀಡೆಗಳಲ್ಲಿ ನಿರೋಧಕ ಶಕ್ತಿ ಬೆಳೆಯುತ್ತದೆ ಮತ್ತು ಮಿತ್ರಕೀಟಗಳು ನಾಶವಾಗುತ್ತವೆ. ಕೀಟನಾಶಕದ ಆಯ್ಕೆಗೆ ಮುನ್ನ ನಿಮ್ಮ ಎಣಿಕೆಯ ಪಟ್ಟಿಯೊಂದಿಗೆ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.