ಕೀಲಿಮಣೆಯೂ ಕನ್ನಡದ ಕಾಗುಣಿತವೂ

ವಸ್ತು ಮರೆಯಾದ ಮೇಲೂ ಅದರ ಹೆಸರು ಬಾಳುವುದುಂಟು. ಗಣಕಯಂತ್ರದ ಕೀಲಿಮಣೆಯನ್ನು ನೋಡಿದರೆ ಈ ಮಾತು ಮನದಟ್ಟಾಗುತ್ತದೆ. ಅದರ ಎರಡು ಅಂಚುಗಳಲ್ಲೂ 'ಷಿಫ್ಟ್' ಎಂಬ ಕೀಲಿಯಿದೆ. ಷಿಫ್ಟ್ ಎಂದರೆ ಜಾಗ ಬದಲಿಸುವುದು. ಇಂದು ಅದನ್ನೊತ್ತಿದರೆ ಯಾವುದೂ ಜಾಗ ಬದಲಿಸುವುದಿಲ್ಲ. ಹಾಗಾದರೆ ಈ ಹೆಸರು ಬಂದುದೆಲ್ಲಿಂದ?

ಅದರ ಮೂಲ ಅಮೆರಿಕದ ಬೆರಳಚ್ಚು ಯಂತ್ರದಲ್ಲಿದೆ. ಕ್ರಿಸ್ಟೋಫರ್ ಶೋಲ್ಸನೂ ಅವನ ಸಂಗಡಿಗರೂ ತಮ್ಮ ಯಂತ್ರಕ್ಕೆ ೧೮೬೮ರಲ್ಲಿ ಹಕ್ಕುಪತ್ರ ಪಡೆದರು. ಅದನ್ನು ತಿದ್ದಿ ಬೆಳೆಸಿದ ಮಾದರಿಯನ್ನು ರೆಮಿಂಗ್ಟನ್ ಸಂಸ್ಥೆ ೧೮೭೪ರಲ್ಲಿ ಮಾರಾಟಕ್ಕೆ ತಂದಿತು. ಅದರಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಷ್ಟೇ ಇದ್ದವು. ೧೮೭೮ರ ಎರಡನೆಯ ಮಾದರಿಯಲ್ಲಿ ಒಂದೊಂದು ಅಚ್ಚುಕಡ್ಡಿಯ ತುದಿಗೂ ದೊಡ್ಡದು, ಚಿಕ್ಕದು ಎಂದು ಎರಡೆರಡು ಅಕ್ಷರ ಕೂರಿಸಿದರು. ಷಿಫ್ಟ್ ಒತ್ತಿದೊಡನೆ ಕಾಗದ ಹೊತ್ತ ಬಂಡಿ ನಿಜವಾಗಿಯೇ ಸರಿಯುತ್ತಿತ್ತು. ಚಿಕ್ಕಕ್ಷರ ತಾಗುವಲ್ಲಿ ದೊಡ್ಡಕ್ಷರ ತಾಗುತ್ತಿತ್ತು. ಕೀಲಿಗಳು ಹೆಚ್ಚದೆ ಅಕ್ಷರಗಳು ಇಮ್ಮಡಿಯಾದವು. ಇಂದಿನ 'ರಿಟರ್ನ್' ಕೀಲಿಯೂ ಅಷ್ಟೆ; ಸಾಲು ಮುಗಿದಾಗ ಅದೇ ಬಂಡಿಯನ್ನು ಮೊದಲ ಸ್ಥಾನಕ್ಕೆ ಮರಳಿಸುತ್ತಿದ್ದುದರ ನೆನಪು ಅದು.

ಇಂಗ್ಲಿಷಿಗೆ ಇಷ್ಟು ಸಾಕಾಯಿತು. ಕನ್ನಡದ ಪಾಡೇನು? ನಮ್ಮಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವೇ ಇಲ್ಲ. ಆದರೆ ೩೪ ವ್ಯಂಜನಗಳು ೧೩ ಸ್ವರಗಳೊಡನೆ ಕೂಡಿದರೆ ೪೪೨ ಗುಣಿತಾಕ್ಷರಗಳಾಗುತ್ತವೆ. ಒತ್ತಕ್ಷರಗಳ ಸಂಸಾರ ಬೇರೆ. ಯಂತ್ರವಾದರೋ ಸುಮಾರು ತೊಂಬತ್ತು ಗುರುತುಗಳನ್ನು ಮಾತ್ರ ಹಿಡಿಸೀತು. ಆದುದರಿಂದ ಅಕ್ಷರವನ್ನೇ ಬಿಡಿಸಬೇಕಾಯಿತು. ತಲೆಕಟ್ಟು, ಗುಡಿಸು, ಕೊಂಬು, ದೀರ್ಘ, ಒತ್ತು ಇವೆಲ್ಲ ಬಿಡಿಭಾಗಗಳಾಗಿ ಕೀಲಿಗಳ ಮೇಲೆ ಕುಳಿತವು. ಕನ್ನಡ ಬೆರಳಚ್ಚಿಗೆ ಕೀಲಿಮಣೆ ರೂಪಿಸಿದ ಅನಂತಸುಬ್ಬರಾಯರ ಶ್ರಮವನ್ನು ಈ ಇಕ್ಕಟ್ಟಿನಲ್ಲಿಟ್ಟು ಅಳೆಯಬೇಕು.

ಇದು ಬರಿಯ ಯಂತ್ರಶಾಸ್ತ್ರದ ಮಾತಲ್ಲ. ೧೯೬೩ರಲ್ಲಿ ಅಂದಿನ ಮೈಸೂರು ರಾಜ್ಯವು ಆಡಳಿತ ಭಾಷಾ ಶಾಸನವನ್ನು ಮಾಡಿತು. ಶಾಸನದ ಆಶಯ ಕಡತಕ್ಕಿಳಿಯಬೇಕಾದರೆ ಬೆರಳಚ್ಚು ಬೇಕಷ್ಟೆ. ಗುಮಾಸ್ತನ ಮೇಜಿನ ಮೇಲೆ ಕನ್ನಡದ ಯಂತ್ರವಿಲ್ಲದಿದ್ದರೆ ಆಡಳಿತ ಭಾಷೆಯೆಂಬುದು ಭಾಷಣದಲ್ಲೇ ಉಳಿಯುತ್ತಿತ್ತು. ಆದರೂ ಬೆರಳಚ್ಚುಗಾರನು ಬರೆಯುತ್ತಿದ್ದುದು ಅಕ್ಷರವನ್ನಲ್ಲ, ಅಕ್ಷರದ ಚೂರುಗಳನ್ನು. ಲಿಪಿ ಯಂತ್ರಕ್ಕೆ ಬಗ್ಗಿತ್ತು.

ಗಣಕಯಂತ್ರ ಬಂದ ಮೇಲೆ ಈ ಸಂಬಂಧ ತಿರುಗಿತು. ಆಕಾರ ಜೋಡಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ, ಬೆರಳಿಗೆ ಧ್ವನಿಯನ್ನಷ್ಟೇ ಬಿಟ್ಟರೆ ಹೇಗೆ? ಕಿನ್ನಿಕಂಬಳದ ಕೆ. ಪಿ. ರಾಯರ ಕೀಲಿಮಣೆ ಈ ವಿಚಾರದ ಫಲ. ಇಂಗ್ಲಿಷಿನ ೨೬ ಕೀಲಿಗಳೊಳಗೇ ನಮ್ಮ ವರ್ಣಮಾಲೆ ಅಡಗಿತು. ಕಕಾರದ ಕೀಲಿಯನ್ನೂ ಇಕಾರದ ಕೀಲಿಯನ್ನೂ ಒತ್ತಿದರೆ 'ಕಿ' ತಾನಾಗಿ ಮೂಡುತ್ತದೆ. ಎರಡು ವ್ಯಂಜನಗಳ ನಡುವೆ ಕೂಡಿಸುವ ಕೀಲಿಯೊಂದನ್ನು ಒತ್ತಿದರೆ ಒತ್ತಕ್ಷರವಾಗುತ್ತದೆ. ಕಾಗುಣಿತದ ಮಗ್ಗಿ ಕಲಿತ ಮಗುವಿಗೆ ಇದು ಹೊಸದೆನಿಸದು. ಕರ್ನಾಟಕ ಸರ್ಕಾರ ಇದನ್ನೇ ಶಿಷ್ಟ ವಿನ್ಯಾಸವೆಂದು ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಇದನ್ನು ಮನೆಮನೆಗೆ ಒಯ್ದಿತು.

ಇಲ್ಲಿ ಷಿಫ್ಟ್ ಕೀಲಿಗೆ ಎರಡನೆಯ ಜನ್ಮ ಬಂದುದನ್ನು ಗಮನಿಸಬೇಕು. ದೊಡ್ಡಕ್ಷರಕ್ಕಾಗಿ ಹುಟ್ಟಿದ ಕೀಲಿ ನಮ್ಮಲ್ಲಿ ಮಹಾಪ್ರಾಣದ ಕೀಲಿಯಾಯಿತು. ಕ ಒತ್ತುವಲ್ಲೇ ಷಿಫ್ಟ್ ಹಿಡಿದರೆ ಖ. ಗ ಇದ್ದಲ್ಲಿ ಘ. ಅ ಆ ಆಗುತ್ತದೆ, ನ ಣ ಆಗುತ್ತದೆ, ಲ ಳ ಆಗುತ್ತದೆ. ಭಾರತೀಯ ಭಾಷೆಗಳಿಗೆ ಸಾಮಾನ್ಯವಾದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲೂ ಕಕಾರದ ಮೇಲಂತಸ್ತಿನಲ್ಲಿ ಕುಳಿತಿರುವುದು ಖಕಾರವೇ. ಬಂಡಿಯನ್ನು ಸರಿಸುತ್ತಿದ್ದ ಕೀಲಿ ಈಗ ಉಸಿರನ್ನು ಹೆಚ್ಚಿಸುತ್ತದೆ.

ಈಗ ಕೈಫೋನಿನ ಗಾಜಿನ ಮೇಲೆ ಕೀಲಿಮಣೆಯೂ ಬರಿಯ ಚಿತ್ರವಾಗಿದೆ. ಆ ಗಾಜಿಗೆ ಗೀರು ಬೀಳದಂತೆ ಮೇಲೊಂದು ಕವಚ ಅಂಟಿಸಿ ಕಾಪಾಡುತ್ತೇವೆ. ಅದರ ಕೆಳಗಿನ ಅಕ್ಷರಗಳ ಮೇಲೆ ಅಷ್ಟು ಅಕ್ಕರೆಯುಂಟೆ? ಅನೇಕರು ಇಂದಿಗೂ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದು ಕಳುಹಿಸುತ್ತಾರೆ. ಹಾಗೆ ಬರೆದಾಗ ಬಲೆಯೂ ಬಳೆಯೂ ಒಂದೇ ಆಗುತ್ತವೆ, ಹನಿಗೂ ಹಣಿಗೂ ಭೇದವಿಲ್ಲ. ಎರಡು ತಲೆಮಾರಿನ ಜಾಣರು ದುಡಿದು ನಮ್ಮ ಬೆರಳ ತುದಿಗೆ ತಂದಿಟ್ಟ ಭೇದವಿದು. ಅದನ್ನು ಉಳಿಸಿಕೊಳ್ಳಲು ಬೇಕಾದದ್ದು ಒಂದು ಕೀಲಿಯನ್ನು ಒತ್ತುವಷ್ಟು ತಾಳ್ಮೆ ಮಾತ್ರ.